ಇದು ಹೀರೋ ಕಟೌಟ್ ಅಲ್ಲ!

‘ಅತ್ತಿಗೆ, ಕಾರಿಗೆ ಒಂದು ಕಟೌಟ್ ಹಾಕಿಸ್ಬೇಕು ಅಂತಿದೀನಿ. ಎಲೆಕ್ಟ್ರಿಕ್ ತಗೊಳ್ಳಲಾ, ಮ್ಯಾನ್ಯುಯಲ್ ತಗೊಳ್ಳಲಾ?’

ಭಾನುವಾರ ಬೆಳಿಗ್ಗೆ ದೋಸೆ ಹುಯ್ಯುತ್ತಿದ್ದಾಗ ಮೈದುನ ಬಂದು ಹೀಗೆ ಕೇಳಿದ. ಕೆಂಪೇಗೌಡ ರಸ್ತೆಯ ಥಿಯೇಟರ್ ಮುಂದೆ ಆಳೆತ್ತರದ ಹೂವಿನ ಹಾರ ಹಾಕಿಸಿಕೊಂಡು ನಿಲ್ಲುತ್ತಿದ್ದ ನಮ್ಮ ಹೀರೋಗಳ ಕಟೌಟೇ ನನ್ನ ಕಣ್ಣ ಮುಂದೆ ಬಂತು. ‘ಅದನ್ನ ಕಾರಿನ ಮೇಲೆ ಯಾಕಪ್ಪಾ ಕೂರಿಸ್ತೀಯ?’ ಅಂದೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ.

ನನ್ನನ್ನು ಯಾಕೆ ಕೇಳಿದ ಅಂತೀರಾ? ಅಣ್ಣನ ಕಿವಿಗೆ ದುಡ್ಡಿನ ಮಾತು ಹಾಕುವ ಮೊದಲು ಅತ್ತಿಗೆಯನ್ನು ಒಲಿಸಿಕೊಳ್ಳುವುದು ನಮ್ಮನೆ ಪದ್ಧತಿ. ಅಲ್ಲದೆ ಇಡೀ ಮನೆಗೆ ಇರುವುದು ಅದೊಂದೇ ಕಾರು. ವಾರಗಿತ್ತಿಗೆ ಆಗ ಐದು ತಿಂಗಳು, ಆಫೀಸಿಗೆ ಅದರಲ್ಲೇ ಹೋಗಿಬರುತ್ತಿದ್ದಳು. ಹಾಗಾಗಿ ಇದೇನೆಂದು ಕೂತು ತಿಳಿದುಕೊಂಡೆ. ನಿಮ್ಮನೆಯ ಹುಡುಗರೂ ನಾಳೆ ಕೇಳಬಹುದು ನೋಡಿ.

ಎಂಜಿನ್ನಿನ ಹೊಗೆ ಕೊಳವೆಯಲ್ಲಿ ಕಾರಿನ ಹೊಟ್ಟೆಯಡಿ ಸಾಗಿ ಹಿಂದೆ ಹೊರಗೆ ಹೋಗುತ್ತದೆ. ದಾರಿಯಲ್ಲಿ ಎರಡು ಡಬ್ಬಿಗಳು. ಮೊದಲನೆಯದು ಕ್ಯಾಟಲಿಟಿಕ್ ಕನ್ವರ್ಟರ್, ವಿಷದ ಅನಿಲಗಳನ್ನು ಬಹುಮಟ್ಟಿಗೆ ಸೌಮ್ಯ ಮಾಡುವಂಥದ್ದು. ಎರಡನೆಯದು ಸದ್ದು ಅಡಗಿಸುವ ಸೈಲೆನ್ಸರ್. ಈ ಕೊಳವೆಯನ್ನು ನಡುವೆ ಕತ್ತರಿಸಿ, ಕವಲೊಂದನ್ನು ಬೆಸುಗೆ ಹಾಕಿ, ಅದರ ಬಾಯಿಗೊಂದು ಮುಚ್ಚಳ ಇಟ್ಟರೆ ಅದೇ ಕಟೌಟ್. ಮುಚ್ಚಳ ತೆಗೆದರೆ ಹೊಗೆ ಸೈಲೆನ್ಸರಿಗೆ ಹೋಗದೆ ಅಲ್ಲೇ ಗುಡುಗುತ್ತಾ ಹೊರಬೀಳುತ್ತದೆ. ಹೊಸ ಫ್ಯಾಷನ್ ಅಂದುಕೊಂಡಿರಾ? ನೂರು ವರ್ಷದ ಹಿಂದೆ ಅಮೆರಿಕದ ಕಾರುಗಳಲ್ಲಿ ಕಾಲಲ್ಲಿ ಒತ್ತಿ ತೆರೆಯುವ ಕಟೌಟ್ ಇರುತ್ತಿತ್ತಂತೆ. ಸದ್ದು ತಾಳಲಾರದೆ ಅಲ್ಲಿನ ಎಷ್ಟೋ ಊರುಗಳು ಆಗಲೇ ಅದನ್ನು ನಿಷೇಧಿಸಿದ್ದವು.

ಇನ್ನು ಅವನ ಪ್ರಶ್ನೆ. ಮ್ಯಾನ್ಯುಯಲ್ ಅಂದರೆ ಒಂದು ಕಬ್ಬಿಣದ ಬಿಲ್ಲೆ, ಮೂರ್ನಾಲ್ಕು ಬೋಲ್ಟು, ನಡುವೆ ಗ್ಯಾಸ್ಕೆಟ್. ಹೌದು, ನಮ್ಮ ಕುಕ್ಕರಿನ ಗ್ಯಾಸ್ಕೆಟ್ ಮಾಡುವ ಕೆಲಸವೇ, ಆದರೆ ಇದು ಬೆಂಕಿಯಂಥ ಶಾಖ ತಡೆಯುವ ಜಾತಿ. ಬಿಚ್ಚಬೇಕಾದರೆ ಕಾರನ್ನು ಜ್ಯಾಕಿನ ಜೊತೆ ಗಟ್ಟಿ ಸ್ಟ್ಯಾಂಡಿನ ಮೇಲೂ ನಿಲ್ಲಿಸಿ, ಕೊಳವೆ ಪೂರ್ತಿ ತಣ್ಣಗಾಗುವವರೆಗೆ ಕಾದು, ಕೆಳಗೆ ತೂರಿ ಸ್ಪ್ಯಾನರ್ ತಿರುಗಿಸಬೇಕು. ವೈರಿಲ್ಲ, ಮೋಟರಿಲ್ಲ, ಕೆಡುವುದಕ್ಕೆ ಹೆಚ್ಚೇನೂ ಇಲ್ಲ. ಬೋಲ್ಟು ಬಿಗಿಯಾಗಿದ್ದು ಗ್ಯಾಸ್ಕೆಟ್ ನೆಟ್ಟಗಿದ್ದರೆ ಹೊಗೆ ಸೋರುವುದಿಲ್ಲ. ಒಳಗಿನಿಂದ ಕೇಬಲ್ ಎಳೆದು ತೆರೆಯುವ ಬಗೆಯೂ ಉಂಟು.

ಎಲೆಕ್ಟ್ರಿಕ್ ಆದರೆ ಕೊಳವೆಯೊಳಗೆ ತಿರುಗುವ ತಟ್ಟೆ, ಅದಕ್ಕೊಂದು ಪುಟ್ಟ ಮೋಟರು, ಸೀಟಿನ ಪಕ್ಕ ಸ್ವಿಚ್ಚು ಅಥವಾ ಕೈಯಲ್ಲಿ ರಿಮೋಟು. ಬೆಲೆಯೂ ಜಾಸ್ತಿ. ಆದರೆ ಪಾಪ, ಆ ಮೋಟರು ಕೂತಿರುವ ಜಾಗ ನೋಡಿ. ಮೇಲೆ ಸುಡುವ ಕೊಳವೆ, ಕೆಳಗೆ ನಮ್ಮ ರಸ್ತೆಯ ಗುಂಡಿ ನೀರು! ತಟ್ಟೆಯ ಅಂಚಿಗೆ ಮಸಿ ಕಟ್ಟುತ್ತದೆ, ಗೇರಿನ ಹಲ್ಲು ಸವೆಯುತ್ತದೆ, ವೈರಿಗೆ ತುಕ್ಕು. ತೆರೆದದ್ದು ತೆರೆದೇ ನಿಂತರೂ ನಿಂತಿತು. ಮುಚ್ಚಿದೆ ಅಂದುಕೊಂಡಾಗಲೂ ಸಂದಿಯಲ್ಲಿ ಸ್ವಲ್ಪ ಸೋರುತ್ತಿರಬಹುದು.

‘ಸೋರಿದರೆ ಏನಂತೆ, ಸ್ವಲ್ಪ ಸದ್ದು ತಾನೆ?’ ಅಂದ ಮೈದುನ. ನಾನೂ ಹಾಗೇ ಅಂದುಕೊಂಡಿದ್ದೆ, ಅವನ ಸ್ನೇಹಿತನ ಕಾರು ಹತ್ತುವವರೆಗೆ.

ಆ ಹುಡುಗ ತನ್ನ ಎಲೆಕ್ಟ್ರಿಕ್ ಕಟೌಟ್ ತೋರಿಸುವುದಕ್ಕೆಂದೇ ಒಂದು ಸಂಜೆ ಬಂದ. ಹಿಂದಿನ ಸೀಟಿನಲ್ಲಿ ನಾನೂ ವಾರಗಿತ್ತಿಯೂ ಕೂತೆವು. ಬಸುರಿ ಇದ್ದಾಳೆಂದು ಸದ್ದೇನೂ ಮಾಡದೆ ಮುಚ್ಚಿಕೊಂಡೇ ಓಡಿಸಿದ. ಬನಶಂಕರಿ ಹತ್ತಿರ ಟ್ರಾಫಿಕ್ಕು ಸಿಕ್ಕಿಕೊಂಡು ಕಾಲು ಗಂಟೆ ನಿಂತೆವು, ಗಾಜು ಏರಿಸಿ ಎ.ಸಿ. ಹಾಕಿತ್ತು. ನನಗೆ ತಲೆ ಭಾರ. ಅವಳಿಗೆ ಹೊಟ್ಟೆ ತೊಳಸಿತು. ‘ಅಕ್ಕಾ, ಐದು ತಿಂಗಳಾದ್ಮೇಲೆ ನಿಲ್ಲುತ್ತೆ ಅಂದಿದ್ರಲ್ಲ’ ಅಂದಳು. ಇಬ್ಬರೂ ಇಳಿದು ಪಕ್ಕದ ಬೀದಿಯ ಮರದ ಕೆಳಗೆ ಸ್ವಲ್ಪ ಹೊತ್ತು ನಿಂತ ಮೇಲೆ ಹಗುರವಾಯಿತು. ಮನೆಗೆ ಆಟೋದಲ್ಲೇ ಬಂದೆವು. ಆಮೇಲೆ ಕೇಳಿದರೆ, ಮಳೆಗಾಲದಲ್ಲಿ ಕೆಸರು ಕೂತಾಗಿನಿಂದ ತಟ್ಟೆ ಪೂರ್ತಿ ಮುಚ್ಚುತ್ತಿಲ್ಲ ಅಂತ ಆ ಹುಡುಗನೇ ಹೇಳಿದ! ಅದರಿಂದಲೇ ಹಾಗಾಯಿತೆಂದು ನಾನು ಆಣೆ ಇಡಲಾರೆ. ಆದರೆ ಮರುದಿನವೇ ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಮಗು ಚೆನ್ನಾಗಿದೆ ಎಂದರು. ಅಷ್ಟು ಹೊತ್ತು ನನ್ನ ಜೀವ ಕೈಯಲ್ಲಿತ್ತು.

ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ ಅದರ ಲಕ್ಷಣ. ಬಸುರಿಯರಿಗೆ ಇವೆಲ್ಲ ಹೇಗೂ ಇರುವುದರಿಂದ ಯಾರೂ ಕಾರಿನ ಮೇಲೆ ಅನುಮಾನ ಪಡುವುದಿಲ್ಲ. ಹೊಟ್ಟೆಯೊಳಗಿನ ಮಗುವಿಗಂತೂ ತಾಯಿಗಿಂತ ಹೆಚ್ಚು ಅಪಾಯ. ಕಂಪನಿಯವರು ಕೊಳವೆಯನ್ನು ಹಿಂದಿನ ತುದಿಯವರೆಗೆ ಎಳೆದಿರುವುದು ಸುಮ್ಮನೆ ಅಲ್ಲ. ನಡುವೆ ಸೋರಿದ ಹೊಗೆ ನಿಂತ ಕಾರಿನ ಅಡಿಯಲ್ಲೇ ಸುಳಿದಾಡಿ ನೆಲದ ಸಂದಿಗಳಿಂದ ಒಳಗೆ ನುಸುಳುತ್ತದೆ. ಕಟೌಟನ್ನು ಕನ್ವರ್ಟರಿನ ಮುಂದೆಯೇ ಕೂರಿಸಿದ್ದರೆ ಇನ್ನೂ ಕೆಟ್ಟದ್ದು, ವಿಷ ಕಳೆಯದ ಹೊಗೆಯೇ ಬರುತ್ತದೆ. ಕಾರಿನಲ್ಲಿ ಕೂತಾಗ ಕಾಣಿಸಿಕೊಂಡ ತಲೆನೋವು ಇಳಿದ ಮೇಲೆ ಹೋಗುತ್ತಿದ್ದರೆ ತಕ್ಷಣ ಮೆಕ್ಯಾನಿಕ್ಕಿಗೆ ಹೇಳಿ ಕೊಳವೆ ಪರೀಕ್ಷೆ ಮಾಡಿಸಿ. ಬಸುರಿಗಾದರೆ ಡಾಕ್ಟರಿಗೆ ತೋರಿಸುವುದನ್ನು ತಡ ಮಾಡಬೇಡಿ. ಕಾರಿನಲ್ಲಿ ಹೀಗಾಯಿತು ಅಂತ ಬಾಯಿಬಿಟ್ಟು ಹೇಳಿ, ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ.

ಕಾನೂನನ್ನೂ ಮೈದುನನಿಗೆ ಓದಿ ಹೇಳಿದೆ. ಪ್ರತಿ ಮೋಟಾರು ವಾಹನಕ್ಕೂ ಸೈಲೆನ್ಸರ್ ಇರಲೇಬೇಕು ಎನ್ನುತ್ತದೆ 1989ರ ಕೇಂದ್ರ ಮೋಟಾರು ವಾಹನ ನಿಯಮ. ಸದ್ದು ಮತ್ತು ಹೊಗೆಯ ಮಿತಿ ಮೀರಿದ ಗಾಡಿ ಓಡಿಸಿದರೆ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ, ಇಲ್ಲವೇ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ ಎಂದು 2019ರ ತಿದ್ದುಪಡಿ ಬಿಗಿ ಮಾಡಿತು. ಮೇಲೆ ಮೂರು ತಿಂಗಳು ಲೈಸೆನ್ಸಿಗೂ ಕುತ್ತು. ಕಿತ್ತ ಸೈಲೆನ್ಸರುಗಳನ್ನು ಪೊಲೀಸರು ಸಾಲಾಗಿ ಜೋಡಿಸಿ ರೋಡ್ ರೋಲರ್ ಹತ್ತಿಸಿದ ಫೋಟೋ ನೀವೂ ಪೇಪರಿನಲ್ಲಿ ನೋಡಿರುತ್ತೀರಿ. ಗಾಡಿ ಹೀಗೆ ಕತ್ತರಿಸಿದರೆ ವಾರಂಟಿ, ಇನ್ಶೂರೆನ್ಸಿನವರೂ ತಕರಾರು ತೆಗೆಯಬಹುದು.

‘ರೇಸ್ ಟ್ರ್ಯಾಕಿಗಾದ್ರೆ?’ ಅಂದ. ಅಲ್ಲಿಗೆಂದೇ ಬೇರೆ ಗಾಡಿ ಇದ್ದು, ಟ್ರ್ಯಾಕಿನವರೂ ಒಪ್ಪಿದರೆ ಮ್ಯಾನ್ಯುಯಲ್ಲೇ ಸರಿ ಅಂದೆ. ಬೋಲ್ಟು ಬಿಚ್ಚುವ ಕಷ್ಟವೇ ಅದರ ದೊಡ್ಡ ಗುಣ. ಸ್ವಿಚ್ಚು ಕೈಗೆ ಸಿಕ್ಕರೆ ರಾತ್ರಿ ಹನ್ನೊಂದಕ್ಕೆ ಖಾಲಿ ರಸ್ತೆ ಕಂಡಾಗ ಯಾವ ಹುಡುಗ ಒತ್ತದೆ ಇರುತ್ತಾನೆ ಹೇಳಿ? ಮನೆಮಂದಿ ಓಡಾಡುವ ಕಾರಿಗೆ ಮಾತ್ರ ಎರಡೂ ಬೇಡ.

ಎರಡು ದಿನ ಮುಖ ಊದಿಸಿಕೊಂಡಿದ್ದ. ಹೆಂಡತಿ ಏನು ಹೇಳಿದಳೋ ಗೊತ್ತಿಲ್ಲ, ಮೂರನೇ ದಿನ ಆರ್ಡರ್ ಕ್ಯಾನ್ಸಲ್ ಆಯಿತು. ಮೊನ್ನೆ ಮತ್ತೆ ಅಡುಗೆಮನೆಗೆ ಬಂದು ‘ಅತ್ತಿಗೆ, ಒಂದು ಸಬ್‌ವೂಫರ್...’ ಅಂತ ರಾಗ ಎಳೆದ. ದೋಸೆ ಆರಿಹೋಗುತ್ತೆ, ಮೊದಲು ತಿನ್ನು ಅಂದೆ.