ಹೊಲಕ್ಕೆ ಹೋಗುವ ತಾಯಿಯ ಎದೆಹಾಲು



ನಾಟಿ, ಕಳೆ, ಕೊಯ್ಲು ಬಂದರೆ ನಮ್ಮ ಹಳ್ಳಿಗಳಲ್ಲಿ ಮೂರು ತಿಂಗಳ ಬಾಣಂತಿಯೂ ಹೊಲಕ್ಕೆ ಹೊರಡುತ್ತಾಳೆ. ಬೆಳಿಗ್ಗೆ 8 ಗಂಟೆಗೆ ಹೋದವಳು ಹಿಂದಿರುಗುವುದು ಸಂಜೆ 5ಕ್ಕೆ. ಕೂಸು ಅಜ್ಜಿಯ ಬಳಿ. ಹದಿನೈದು ದಿನ ಹೀಗೆ ಕಳೆಯುವಷ್ಟರಲ್ಲಿ, "ಇವಳಿಗೆ ಹಾಲು ಬತ್ತಿಹೋಯಿತು" ಎಂಬ ಮಾತು ಹುಟ್ಟುತ್ತದೆ. ನೀರು ಬೆರೆಸಿದ ಹಸುವಿನ ಹಾಲು ಬಾಟಲಿಯಲ್ಲಿ ಬರುತ್ತದೆ. ಎಷ್ಟೋ ಮನೆಗಳಲ್ಲಿ ಅದರ ಹಿಂದೆಯೇ ಭೇದಿಯೂ ಬರುತ್ತದೆ. ವ್ಯವಸಾಯದ ಕೆಲಸದವನಿಗೆ ಈ ವಿಷಯವೇಕೆ ಎಂದು ಕೇಳುತ್ತೀರಾ? ಇಲ್ಲಿ ಹಾಲು ಕಡಿಮೆಯಾಗುವುದು ಹೊಲದ ಕೆಲಸದ ಏರ್ಪಾಟಿನಿಂದ. ಆ ಏರ್ಪಾಟು ಮಾಡುವವರು ನೀವು.

ಹಸುವನ್ನು ಬತ್ತಿಸಬೇಕಾದಾಗ ನಾವು ಏನು ಮಾಡುತ್ತೇವೆ? ಕರೆಯುವುದನ್ನು ಬಿಡುತ್ತೇವೆ. ತಾಯಿಯ ಎದೆಗೂ ಇದೇ ನಿಯಮ. (ಹೋಲಿಕೆಗೆ ಸೋದರಿಯರು ಬೇಸರಿಸಬಾರದು.) ಎದೆ ತುಂಬಿ ನಿಂತಷ್ಟು ಹೊತ್ತು ಹಾಲು ಹುಟ್ಟುವುದು ನಿಧಾನವಾಗುತ್ತದೆ; ಬರಿದಾದರೆ ಮತ್ತೆ ಬೇಗ ಹುಟ್ಟುತ್ತದೆ. ದಿನವೂ ಒಂಬತ್ತು ಗಂಟೆ ಕಟ್ಟಿಕೊಂಡಿರುವ ಎದೆಯಲ್ಲಿ ಹಾಲು ತಗ್ಗದೆ ಇದ್ದೀತೆ? ಬಾಣಂತಿಗೆ ಬೆಳ್ಳುಳ್ಳಿ, ಮೆಂತ್ಯ, ಸಬ್ಬಸಿಗೆ ಸೊಪ್ಪು ಕೊಡುವ ರೂಢಿ ಇದೆ. ಕೊಡಿರಿ, ತಪ್ಪಿಲ್ಲ. ಆದರೆ ಕೂಸು ಚೀಪದೆ ಬರಿಯ ಸೊಪ್ಪಿನಿಂದ ಹಾಲು ಹೆಚ್ಚದು.

ಆದುದರಿಂದ ಎರಡು ಮೂರು ಗಂಟೆಗೊಮ್ಮೆ ಹಾಲೂಡಿಸಲು ಬಿಡುವು ಕೊಡಿರಿ. ಹೊಲ ಹತ್ತಿರವಿದ್ದರೆ ಅಜ್ಜಿಯೇ ಕೂಸನ್ನು ತರಲಿ. ಮರದ ನೆರಳಿನಲ್ಲಿ ಜೋಲಿ ಕಟ್ಟಿರಿ. ಔಷಧಿ ಸಿಂಪಡಿಸುವ ದಿನ ಮಾತ್ರ ಕೂಸನ್ನು ಹೊಲದ ಹತ್ತಿರಕ್ಕೂ ತರಕೂಡದು. ಔಷಧಿ ಕಲಸುವ, ಸಿಂಪಡಿಸುವ ಕೆಲಸವನ್ನು ಹಾಲೂಡಿಸುವ ತಾಯಿಗೆ ಎಂದೂ ಒಪ್ಪಿಸಬೇಡಿರಿ. ಅಂಗನವಾಡಿಯಲ್ಲಿ ಬಾಣಂತಿಯರಿಗೆ ಮಧ್ಯಾಹ್ನದ ಬಿಸಿಯೂಟ ಕೊಡುವ ಮಾತೃಪೂರ್ಣ ಯೋಜನೆ 2017ರಲ್ಲಿ ಆರಂಭವಾಯಿತು. ನಿಮ್ಮ ಊರಿನಲ್ಲಿ ವಿಚಾರಿಸಿರಿ. ಆ ಹೊತ್ತಿಗೆ ಊರಿಗೆ ಹೋಗಿ ಬರಲು ಬಿಟ್ಟರೆ ತಾಯಿಗೆ ಊಟವೂ ಆಯಿತು, ಕೂಸಿಗೆ ಹಾಲೂ ಆಯಿತು.

ಹೊಲ ದೂರವಿದ್ದರೆ ಹೊರಡುವ ಮುನ್ನ ಹಾಲನ್ನು ಕೈಯಿಂದ ಹಿಂಡಿ ಇಡಬಹುದು. ಇದು ಅನೇಕರಿಗೆ ತಿಳಿಯದು. ಸೋಪಿನಿಂದ ಕೈ ತೊಳೆದು, ಹೆಬ್ಬೆರಳನ್ನು ತೊಟ್ಟಿನ ಸುತ್ತಲಿನ ಕಪ್ಪು ಭಾಗದ ಮೇಲಂಚಿನಲ್ಲಿಯೂ ಉಳಿದ ಬೆರಳುಗಳನ್ನು ಕೆಳಂಚಿನಲ್ಲಿಯೂ ಇಡಬೇಕು. ಮೊದಲು ಎದೆಗೂಡಿನ ಕಡೆಗೆ ಒತ್ತಿ, ಆಮೇಲೆ ಬೆರಳುಗಳನ್ನು ಕೂಡಿಸಿ ಅದುಮಬೇಕು. ತೊಟ್ಟನ್ನು ಎಳೆಯಕೂಡದು. ನೋಯಬಾರದು. ಮೊದಲ ದಿನ ನಾಲ್ಕು ಹನಿ ಬಂದರೂ ಅಧೈರ್ಯ ಬೇಡ, ರೂಢಿಯಾದಂತೆ ಹೆಚ್ಚುತ್ತದೆ. ನೀರಿನಲ್ಲಿ ಕುದಿಸಿದ, ಮುಚ್ಚಳವುಳ್ಳ ಸ್ಟೀಲ್ ಬಟ್ಟಲಿನಲ್ಲಿ ಹಿಡಿದು ತಂಪಾದ ಕಡೆ ಇಟ್ಟರೆ ಆ ಹಾಲು 4 ಗಂಟೆ ಇರುತ್ತದೆ. ಕಡು ಬೇಸಿಗೆಯಲ್ಲಿ ಇನ್ನೂ ಬೇಗ ಕುಡಿಸಬೇಕು. ಫ್ರಿಜ್ ಇದ್ದರೆ ಒಂದು ದಿನ ಇಡಬಹುದು. ಒಲೆಯ ಮೇಲೆ ಕಾಯಿಸದೆ, ಬಟ್ಟಲನ್ನು ಬೆಚ್ಚನೆಯ ನೀರಿನಲ್ಲಿಟ್ಟು, ಒಳಲೆಯಿಂದ ಅಜ್ಜಿ ಕುಡಿಸಲಿ. ಬಾಟಲಿ ಬೇಡ. ಹೊಲದಲ್ಲಿ ಎದೆ ಕಟ್ಟಿದಾಗಲೂ ಒಮ್ಮೆ ಹಿಂಡಬೇಕು. ಆ ಹಾಲು ಚೆಲ್ಲಿಹೋದರೂ ಎದೆ ಬತ್ತುವುದಿಲ್ಲ.

ರಾತ್ರಿ ಕೂಸು ಕೇಳಿದಷ್ಟು ಸಲ ಕೊಡಲಿ. ಹಾಲು ಹುಟ್ಟಿಸುವ ರಸ ದೇಹದಲ್ಲಿ ರಾತ್ರಿಯೇ ಹೆಚ್ಚು. ಬಾಣಂತಿಗೆ ನೀರು ಕೊಡಬಾರದೆಂಬ ಪಥ್ಯವನ್ನು ಬಿಡಿರಿ. ಬಾಯಾರಿದಷ್ಟು ಕುಡಿಯಲಿ, ಮುದ್ದೆ, ಬೇಳೆ, ಸೊಪ್ಪುಗಳನ್ನು ಮೊದಲಿಗಿಂತ ಹೆಚ್ಚಾಗಿ ಉಣ್ಣಲಿ. ಕೂಸಿಗೆ ಮಾತ್ರ 6 ತಿಂಗಳು ತುಂಬುವವರೆಗೆ, ಬೇಸಿಗೆಯಲ್ಲಿಯೂ, ನೀರು ಬೇಡ.

ಹಾಲು ಸಾಲುತ್ತಿದೆಯೆ ಎಂದು ಕೂಸಿನ ಅಳುವಿನಿಂದ ತಿಳಿಯಲಾಗದು. ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ಯುತ್ತಿದ್ದರೆ, ಅಂಗನವಾಡಿಯ ತಕ್ಕಡಿಯಲ್ಲಿ ತೂಕ ಏರುತ್ತಿದ್ದರೆ, ಸಾಲುತ್ತಿದೆ. ತೂಕ ನಿಂತರೆ ಆಶಾ ಕಾರ್ಯಕರ್ತೆಗೆ ತಿಳಿಸಿರಿ. ತಾಯಿಯ ಎದೆ ಕೆಂಪಾಗಿ, ಗಟ್ಟಿಯಾಗಿ, ಜ್ವರ ಬಂದರೆ ಅದೇ ದಿನ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ; ಆಗಲೂ ಹಾಲೂಡಿಸುವುದನ್ನು ನಿಲ್ಲಿಸಕೂಡದು.