ಹಳೇ ಕಂಪ್ಯೂಟರ್‌ಗೆ ಲಿನಕ್ಸ್ ಹಾಕಿಸಬಹುದೇ? ಫಾರ್ವರ್ಡ್‌ಗಳಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು?

‘ವಿಂಡೋಸ್ 10 ಬಂದ್ ಆಯ್ತು, ಹಳೇ ಕಂಪ್ಯೂಟರ್ ಇನ್ನು ಗುಜರಿಗೆ’ ಎನ್ನುತ್ತದೆ ಒಂದು ಸಂದೇಶ. ‘ಲಿನಕ್ಸ್ ಹಾಕಿಸಿ, ಪೂರ್ತಿ ಉಚಿತ, ವೈರಸ್ ಬರುವುದೇ ಇಲ್ಲ’ ಎನ್ನುತ್ತದೆ ಇನ್ನೊಂದು. ಎರಡೂ ವಾಟ್ಸಾಪ್ ಗುಂಪುಗಳಲ್ಲಿ ಸುತ್ತುತ್ತಿವೆ.

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಎಷ್ಟೋ ಮನೆಗಳಲ್ಲಿ ಏಳೆಂಟು ವರ್ಷ ಹಳೆಯ ಒಂದು ಲ್ಯಾಪ್‌ಟಾಪ್ ಇರುತ್ತದೆ. ಮಕ್ಕಳ ಓದು, ಅಡಿಕೆ ಧಾರಣೆ, ಪಹಣಿ, ಮೆಸ್ಕಾಂ ಬಿಲ್, ಸಂಘದ ಲೆಕ್ಕ ಎಲ್ಲವೂ ಅದರಲ್ಲೇ. ಸಂದೇಶ ನಂಬಿ ಹೊಸದನ್ನು ಕೊಂಡರೆ ಸಾವಿರಾರು ರೂಪಾಯಿ ಖರ್ಚು. ಅವಸರದಲ್ಲಿ ಲಿನಕ್ಸ್ ಹಾಕಿಸಿದರೆ ಹಳೇ ಫೋಟೊ, ಕಾಗದಪತ್ರಗಳೆಲ್ಲ ಅಳಿಸಿಹೋಗುವ ಅಪಾಯ. ಹಾಗಾಗಿ ಒಂದೊಂದೇ ಹೇಳಿಕೆಯನ್ನು ಪರೀಕ್ಷಿಸೋಣ.

ಹೇಳಿಕೆ 1: ‘ವಿಂಡೋಸ್ 10 ಇನ್ನು ಓಡುವುದಿಲ್ಲ’

ಅರ್ಧ ಸತ್ಯ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಇದರ ಸಾಮಾನ್ಯ ಬೆಂಬಲ ನಿಲ್ಲಿಸಿದೆ. ಕಂಪ್ಯೂಟರ್ ಆನ್ ಆಗುತ್ತದೆ, ಕೆಲಸವೂ ಮಾಡುತ್ತದೆ. ಆದರೆ ಹೊಸದಾಗಿ ಪತ್ತೆಯಾಗುವ ಭದ್ರತಾ ಲೋಪಗಳಿಗೆ ತೇಪೆ ಸಿಗುವುದಿಲ್ಲ. ಮನೆ ಬಳಕೆದಾರರು ಮೈಕ್ರೋಸಾಫ್ಟ್ ಖಾತೆಯ ಮೂಲಕ ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಪಡೆಯುವ ಅವಕಾಶವನ್ನೂ ಕಂಪನಿ ಪ್ರಕಟಿಸಿತ್ತು.

ವಿಂಡೋಸ್ 11ಕ್ಕೆ ಹೋಗೋಣ ಎಂದರೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಬೇಕು. ಇಂಟೆಲ್ ಪ್ರೊಸೆಸರ್ ಆದರೆ ಬಹುಮಟ್ಟಿಗೆ ಎಂಟನೇ ತಲೆಮಾರಿನದು ಅಥವಾ ಅದಕ್ಕಿಂತ ಹೊಸದಿರಬೇಕು. ಹಳೇ ಯಂತ್ರಗಳು ಸಿಕ್ಕಿಬೀಳುವುದು ಇಲ್ಲೇ.

ಒಂದು ಎಚ್ಚರಿಕೆ: ‘ನಿಮ್ಮ ವಿಂಡೋಸ್ ಅವಧಿ ಮುಗಿದಿದೆ, ಈ ನಂಬರ್‌ಗೆ ಫೋನ್ ಮಾಡಿ’ ಎಂದು ಪರದೆಯ ಮೇಲೆ ಬಂದರೆ ಅದು ಮೋಸ. ಮೈಕ್ರೋಸಾಫ್ಟ್‌ನ ಎಚ್ಚರಿಕೆ ಸಂದೇಶಗಳಲ್ಲಿ ಫೋನ್ ನಂಬರ್ ಇರುವುದಿಲ್ಲ.

ಹೇಳಿಕೆ 2: ‘ಲಿನಕ್ಸ್ ಇಂಜಿನಿಯರುಗಳಿಗೆ ಮಾತ್ರ’

ಈಗ ಇದು ನಿಜವಲ್ಲ. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಶುರುಮಾಡಿದ ಲಿನಕ್ಸ್ ಕರ್ನೆಲ್ ನಿಮ್ಮ ಆಂಡ್ರಾಯ್ಡ್ ಫೋನಿನ ಒಳಗೂ ಇದೆ. ಅಂದರೆ ಈ ಲೇಖನವನ್ನು ನೀವು ಓದುತ್ತಿರುವುದೇ ಬಹುಶಃ ಅದರ ಮೇಲೆ!

ಪಕ್ಕದ ಕೇರಳವನ್ನು ನೋಡಿ. ಅಲ್ಲಿನ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಕಂಪ್ಯೂಟರ್‌ಗಳಲ್ಲಿ ‘ಕೈಟ್’ ಸಂಸ್ಥೆ ಸಿದ್ಧಪಡಿಸಿದ, ಉಬುಂಟು ಆಧರಿತ ಲಿನಕ್ಸ್ ಬಳಕೆಯಲ್ಲಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕಂಪ್ಯೂಟರ್ ಪಾಠ ಕಲಿಯುವುದು ಇದರಲ್ಲೇ, ಅದೂ ಕನ್ನಡ ಪಠ್ಯಪುಸ್ತಕದ ಮೂಲಕ. ಹೈಸ್ಕೂಲ್ ಮಕ್ಕಳಿಗೆ ಸಾಧ್ಯವಾದದ್ದು ನಮಗೂ ಸಾಧ್ಯ.

ಹೊಸಬರಿಗೆ ಲಿನಕ್ಸ್ ಮಿಂಟ್ ಸುಲಭ. ನೋಡಲು ಹಳೇ ವಿಂಡೋಸ್‌ನಂತೆಯೇ ಇದೆ. ಕನಿಷ್ಠ 2 ಜಿಬಿ ರ‍್ಯಾಮ್ ಸಾಕು, ಆರಾಮಾಗಿ ಓಡಲು 4 ಜಿಬಿ ಇದ್ದರೆ ಒಳ್ಳೆಯದು. ಅದರಲ್ಲೂ ಎಕ್ಸ್‌ಎಫ್‌ಸಿಇ ಆವೃತ್ತಿ ಹಳೇ ಯಂತ್ರಕ್ಕೆ ಹಗುರ.

ಹೇಳಿಕೆ 3: ‘ಲಿನಕ್ಸ್‌ಗೆ ವೈರಸ್ ಬರುವುದೇ ಇಲ್ಲ’

ತಪ್ಪು. ಮನೆ ಕಂಪ್ಯೂಟರ್‌ಗಳ ಮೇಲೆ ದಾಳಿ ಮಾಡುವವರು ಹೆಚ್ಚಾಗಿ ವಿಂಡೋಸ್‌ಗೆ ಗುರಿಯಿಡುತ್ತಾರೆ, ಆದ್ದರಿಂದ ಲಿನಕ್ಸ್‌ನಲ್ಲಿ ತೊಂದರೆ ಕಡಿಮೆ. ಹಾಗೆಂದು ಇಲ್ಲವೇ ಇಲ್ಲ ಎಂದಲ್ಲ. 2016ರ ಫೆಬ್ರವರಿಯಲ್ಲಿ ಲಿನಕ್ಸ್ ಮಿಂಟ್‌ನ ಜಾಲತಾಣಕ್ಕೇ ಕನ್ನ ಹಾಕಿ, ಡೌನ್‌ಲೋಡ್ ಮಾಡುವವರಿಗೆ ಕಳ್ಳಬಾಗಿಲಿದ್ದ ಪ್ರತಿ ಸಿಗುವಂತೆ ಮಾಡಲಾಗಿತ್ತು. 2024ರಲ್ಲಿ ‘ಎಕ್ಸ್‌ಝಡ್’ ಎಂಬ ತಂತ್ರಾಂಶದಲ್ಲಿ ಯಾರೋ ಸೇರಿಸಿದ್ದ ಕಳ್ಳಬಾಗಿಲನ್ನು ಇಂಜಿನಿಯರೊಬ್ಬರು ಪತ್ತೆಹಚ್ಚಿದರು. ಮೂಲ ಸಂಕೇತ ಎಲ್ಲರಿಗೂ ತೆರೆದಿದ್ದರಿಂದ ತಪ್ಪನ್ನು ಹುಡುಕಲು ಅನುಕೂಲವಾಯಿತು ನಿಜ, ಆದರೆ ತೆರೆದಿರುವುದೇ ರಕ್ಷಣೆಯಲ್ಲ.

ಇನ್ನು ಒಟಿಪಿ ಕೇಳಿ ಹಣ ದೋಚುವವರಿಗೆ ನಿಮ್ಮ ಕಂಪ್ಯೂಟರ್‌ನಲ್ಲಿ ಯಾವ ಓಎಸ್ ಇದ್ದರೂ ಒಂದೇ.

ಹೇಳಿಕೆ 4: ‘ಲಿನಕ್ಸ್‌ನಲ್ಲಿ ಕನ್ನಡ ಬರುವುದಿಲ್ಲ’

ಇದೂ ತಪ್ಪು. ಲೋಹಿತ್, ನೋಟೊ, ನವಿಲು, ಗುಬ್ಬಿಯಂಥ ಯೂನಿಕೋಡ್ ಅಕ್ಷರವಿನ್ಯಾಸಗಳು ಲಭ್ಯ ಇವೆ. ನುಡಿಯಲ್ಲಿ ಟೈಪ್ ಮಾಡಿ ರೂಢಿಯಾದವರಿಗೆ ಕಗಪ ಕೀಲಿಮಣೆಯೂ ಸಿಗುತ್ತದೆ. ಕೀಲಿಮಣೆಯ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಸೇರಿಸಿಕೊಂಡರೆ ಆಯಿತು.

ತೊಡಕು ಇರುವುದು ಹಳೇ ಕಡತಗಳಲ್ಲಿ. ಯೂನಿಕೋಡ್ ಅಲ್ಲದ ನುಡಿ ಅಥವಾ ಬರಹ ಫಾಂಟ್‌ನಲ್ಲಿ ಮಾಡಿಟ್ಟ ಅರ್ಜಿ, ಠರಾವು, ಆಮಂತ್ರಣಗಳು ಆ ಫಾಂಟ್ ಇಲ್ಲದಿದ್ದರೆ ಅರ್ಥವಾಗದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಇದು ಲಿನಕ್ಸ್‌ನ ದೋಷವಲ್ಲ, ಫಾಂಟ್ ಇಲ್ಲದ ವಿಂಡೋಸ್‌ನಲ್ಲೂ ಹೀಗೇ ಆಗುತ್ತದೆ. ಅಂಥ ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿಕೊಂಡರೆ ಮುಂದೆ ಎಲ್ಲಿ ಬೇಕಾದರೂ ಓದಬಹುದು.

ಹೇಳಿಕೆ 5: ‘ಎಲ್ಲ ಕೆಲಸವೂ ಆಗುತ್ತದೆ’

ಎಲ್ಲವೂ ಅಲ್ಲ. ಬ್ರೌಸರ್‌ನಲ್ಲಿ ಆಗುವ ಕೆಲಸಗಳಿಗೆ ಅಡ್ಡಿಯಿಲ್ಲ: ಬ್ಯಾಂಕ್, ಪಹಣಿ, ಯೂಟ್ಯೂಬ್, ಇಮೇಲ್, ವಾಟ್ಸಾಪ್ ವೆಬ್. ಪತ್ರ, ಪಟ್ಟಿ, ಲೆಕ್ಕಕ್ಕೆ ಲಿಬ್ರೆಆಫೀಸ್ ಇದೆ. ವರ್ಡ್‌ನಲ್ಲಿ ಮಾಡಿದ ಕಡತದ ಜೋಡಣೆ ಇದರಲ್ಲಿ ಸ್ವಲ್ಪ ಆಚೀಚೆ ಆಗಬಹುದು, ಅಷ್ಟೆ.

ಆದರೆ ಟ್ಯಾಲಿಪ್ರೈಮ್, ಫೋಟೊಶಾಪ್, ಕೋರೆಲ್‌ಡ್ರಾ ಇವ್ಯಾವುದಕ್ಕೂ ನೇರ ಲಿನಕ್ಸ್ ಆವೃತ್ತಿ ಇಲ್ಲ. ಕೆಲವು ಹಳೇ ಪ್ರಿಂಟರ್‌ಗಳು ಸತಾಯಿಸುತ್ತವೆ. ಬೆರಳಚ್ಚು ಸಾಧನ, ಡಿಜಿಟಲ್ ಸಹಿಯ ಟೋಕನ್ ಬಳಸುವವರು ಅವುಗಳಿಗೆ ಲಿನಕ್ಸ್ ಡ್ರೈವರ್ ಇದೆಯೇ ಎಂದು ಮೊದಲೇ ವಿಚಾರಿಸಬೇಕು. ಸಹಕಾರ ಸಂಘದ ಲೆಕ್ಕ, ಡಿಟಿಪಿ ಅಂಗಡಿ, ಸೇವಾ ಕೇಂದ್ರ ನಡೆಸುವವರು ಕೆಲಸದ ಯಂತ್ರವನ್ನು ಏಕಾಏಕಿ ಬದಲಿಸದಿರುವುದೇ ಒಳ್ಳೆಯದು.

ಹಾಕುವ ಮೊದಲು ಹೀಗೆ ಮಾಡಿ

• ಫೋಟೊ, ದಾಖಲೆಗಳನ್ನೆಲ್ಲ ಬೇರೆ ಡಿಸ್ಕ್‌ಗೆ ನಕಲು ಮಾಡಿ. ನಕಲು ಸರಿಯಾಗಿ ತೆರೆಯುತ್ತದೆಯೇ ಎಂದು ಇನ್ನೊಂದು ಕಂಪ್ಯೂಟರ್‌ನಲ್ಲಿ ನೋಡಿ. ಈ ಹೆಜ್ಜೆ ಮಾತ್ರ ಬಿಡಲೇಬೇಡಿ.

• ಮಿಂಟ್‌ನ ಕಡತ ಸುಮಾರು 3 ಜಿಬಿ ಇರುತ್ತದೆ. ಹಳ್ಳಿಯಲ್ಲಿ ನೆಟ್ ನಿಧಾನವಿದ್ದರೆ ಪೇಟೆಗೆ ಹೋದಾಗ ಇಳಿಸಿಕೊಳ್ಳಿ. ಅಧಿಕೃತ ತಾಣದಿಂದಲೇ ಇಳಿಸಿ, ಅಲ್ಲಿ ಕೊಟ್ಟಿರುವ ಪರಿಶೀಲನಾ ಸಂಖ್ಯೆ ಹೊಂದುತ್ತದೆಯೇ ನೋಡಿ. ಫಾರ್ವರ್ಡ್ ಆಗಿ ಬಂದ ಲಿಂಕ್ ಬೇಡ.

• ಅದನ್ನು ಪೆನ್‌ಡ್ರೈವ್‌ಗೆ ಹಾಕಿ, ಪೆನ್‌ಡ್ರೈವ್‌ನಿಂದಲೇ ಕಂಪ್ಯೂಟರ್ ಶುರುಮಾಡಿ. ‘ಇನ್‌ಸ್ಟಾಲ್’ ಒತ್ತುವವರೆಗೆ ವಿಂಡೋಸ್ ಹಾಗೇ ಇರುತ್ತದೆ. ವೈಫೈ, ಧ್ವನಿ, ಕ್ಯಾಮೆರಾ, ಪ್ರಿಂಟರ್ ಎಲ್ಲ ಪರೀಕ್ಷಿಸಿ. ವೈಫೈ ಇಲ್ಲದ ಕಡೆ ಫೋನಿನಿಂದ ಯುಎಸ್‌ಬಿ ಕೇಬಲ್ ಮೂಲಕ ನೆಟ್ ಕೊಟ್ಟು ನೋಡಿ.

• ಇನ್‌ಸ್ಟಾಲ್ ಮಾಡುವಾಗ ನಡುವೆ ಕರೆಂಟ್ ಹೋಗಬಾರದು. ಮಲೆನಾಡಿನ ಮಳೆಗಾಲ ಹೇಗಿರುತ್ತದೆಂದು ನಿಮಗೆ ಹೇಳಬೇಕಿಲ್ಲ! ಲ್ಯಾಪ್‌ಟಾಪ್ ಪೂರ್ತಿ ಚಾರ್ಜ್ ಆಗಿರಲಿ, ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇರಲಿ.

• ‘ಡಿಸ್ಕ್ ಅಳಿಸು’ ಎಂಬ ಆಯ್ಕೆ ಬಂದಾಗ ನಿಂತು ಓದಿ. ಅಂಗಡಿಯಲ್ಲಿ ಮಾಡಿಸುವುದಾದರೆ ‘ವಿಂಡೋಸ್ ತೆಗೆಯಬೇಕೋ, ಎರಡೂ ಇರಬೇಕೋ’ ಎಂದು ಮೊದಲೇ ಹೇಳಿ.

ಹಾಗಾದರೆ ಕೊನೆಯ ಮಾತೇನು?

ಬ್ರೌಸರ್, ಪತ್ರ, ವಿಡಿಯೊ, ಮಕ್ಕಳ ಓದು ಇಷ್ಟಕ್ಕೇ ಕಂಪ್ಯೂಟರ್ ಬಳಸುವವರಿಗೆ ಲಿನಕ್ಸ್ ಸಾಕು, ಹಳೇ ಯಂತ್ರವೂ ಇನ್ನಷ್ಟು ವರ್ಷ ಬಾಳುತ್ತದೆ. ವಿಂಡೋಸ್‌ಗಷ್ಟೇ ಸಿಗುವ ತಂತ್ರಾಂಶದಿಂದ ಸಂಪಾದನೆ ಮಾಡುವವರಿಗೆ ಸದ್ಯಕ್ಕೆ ಬೇಡ. ಯಾವ ಗುಂಪಿಗೆ ಸೇರುತ್ತೀರಿ ಎಂಬ ಗೊಂದಲ ಇರುವವರು ಒಂದು ವಾರ ಪೆನ್‌ಡ್ರೈವ್‌ನಲ್ಲೇ ಬಳಸಿ ನೋಡಲಿ.

ಮುಂದಿನ ಸಲ ‘ಗುಜರಿಗೆ ಹಾಕಿ’ ಅಥವಾ ‘ವೈರಸ್ ಬರುವುದೇ ಇಲ್ಲ’ ಎಂಬ ಸಂದೇಶ ಬಂದರೆ ಅದನ್ನು ಅಲ್ಲೇ ಬಿಡಿ. ಫಾರ್ವರ್ಡ್ ಮಾಡಲೇಬೇಕಿದ್ದರೆ ‘ಮೊದಲು ಬ್ಯಾಕಪ್ ತೆಗೆದುಕೊಳ್ಳಿ’ ಎಂಬ ಒಂದು ಮಾತನ್ನು ಮಾಡಿ.