ಹೆಡ್‌ಲೈಟ್ ಅಪ್‌ಗ್ರೇಡ್: ಬಲ್ಬ್ ತಗೊಳ್ಳೋ ಮೊದಲು ವೈರ್ ನೋಡಿ

ಇವತ್ತಿನ ವಿಷಯ ಬೈಕ್ ಹೆಡ್‌ಲೈಟ್. "ಲೈಟ್ ಸಾಲ್ತಿಲ್ಲ, ಯಾವ ಎಲ್‌ಇಡಿ ಹಾಕಿಸ್ಲಿ?" ಅನ್ನೋದು ರಾತ್ರಿ ಬೈಕಲ್ಲಿ ಊರಿಗೆ ಹೋಗೋರ ಪ್ರಶ್ನೆ. ನನ್ನ ಉತ್ತರ: ಬಲ್ಬ್ ಕೊನೆಗೆ. ಯಾಕೆ ಅಂತ ಹೇಳ್ತೀನಿ.

ಮೊದಲು ಒಂದು ಲೆಕ್ಕ. ಗಂಟೆಗೆ 60 ಕಿಲೋಮೀಟರ್ ಅಂದ್ರೆ ಸೆಕೆಂಡಿಗೆ ಸುಮಾರು 17 ಮೀಟರ್. ಎದುರಿಗಿರೋದು ಕಂಡು ಬ್ರೇಕ್ ಹಿಡಿಯೋಕೆ ಒಂದು ಸೆಕೆಂಡ್. ಆಮೇಲೆ ಗಾಡಿ ನಿಲ್ಲೋಕೆ ಒಣ ರಸ್ತೆಯಲ್ಲೂ 20 ಮೀಟರ್‌ಗಿಂತ ಹೆಚ್ಚು ಬೇಕು. ಒಟ್ಟು 40 ಮೀಟರ್ ಹತ್ರ. ಅಷ್ಟು ದೂರ ಕಾಣದಿದ್ರೆ, ಹಿಂದೆ ಲೈಟೇ ಇಲ್ಲದ ಕಬ್ಬಿನ ಟ್ರ್ಯಾಕ್ಟರ್ ಕಂಡಾಗ ತಡವಾಗಿರತ್ತೆ.

ಹಂತ ಒಂದು, ಖರ್ಚು ಸೊನ್ನೆ. ಗ್ಲಾಸ್ ಒರೆಸಿ. ಸಮತಟ್ಟಾದ ಜಾಗದಲ್ಲಿ, ಗೋಡೆಯಿಂದ 8 ಮೀಟರ್ ದೂರ ಬೈಕ್ ನೇರ ನಿಲ್ಲಿಸಿ, ಮೇಲೆ ಕೂತು ಲೋ ಬೀಮ್ ಹಾಕಿ. ಬೆಳಕಿನ ಮೇಲಂಚು ಹೆಡ್‌ಲೈಟ್‌ನ ಎತ್ತರಕ್ಕಿಂತ ಸ್ವಲ್ಪ ಕೆಳಗಿರಬೇಕು. ಹಿಂದೆ ಒಬ್ಬರು ಕೂತ್ರೆ ಬೀಮ್ ಮೇಲೆದ್ದುಬಿಡತ್ತೆ, ಹಾಗಾಗಿ ದಿನಾ ಇಬ್ಬರು ಹೋಗೋದಾದ್ರೆ ಇಬ್ಬರೂ ಕೂತೇ ಸೆಟ್ ಮಾಡಿ.

ಹಂತ ಎರಡು, ವೋಲ್ಟೇಜ್. ಎಂಜಿನ್ ಆನ್ ಇಟ್ಟು, ಬ್ಯಾಟರಿಯಲ್ಲಿ ಎಷ್ಟಿದೆ, ಬಲ್ಬ್ ಹೋಲ್ಡರ್‌ನಲ್ಲಿ ಎಷ್ಟಿದೆ ಅಂತ ಮಲ್ಟಿಮೀಟರ್‌ನಲ್ಲಿ ನೋಡಿಸಿ. ಹ್ಯಾಲೊಜೆನ್ ಬಲ್ಬ್‌ಗೆ ವೋಲ್ಟೇಜ್ 10% ಕಡಿಮೆ ಆದ್ರೆ ಬೆಳಕು ಸುಮಾರು 30% ಬೀಳತ್ತೆ. ತೆಳು ವೈರ್, ಸವೆದ ಸ್ವಿಚ್, ತುಕ್ಕು ಹಿಡಿದ ಅರ್ಥ್ ಪಾಯಿಂಟ್, ಇವೇ ಕಳ್ಳರು. ಪರಿಹಾರ ರಿಲೇ ಕಿಟ್: ಬ್ಯಾಟರಿಯಿಂದ ಫ್ಯೂಸ್ ಮೂಲಕ ದಪ್ಪ ವೈರ್ ಸೀದಾ ಬಲ್ಬ್‌ಗೆ ಹೋಗತ್ತೆ, ಹ್ಯಾಂಡಲ್ ಸ್ವಿಚ್ ಬರೀ ರಿಲೇ ಆನ್ ಮಾಡತ್ತೆ. ಒಂದು ಎಚ್ಚರ: ಆಕ್ಸಿಲರೇಟರ್ ಕೊಟ್ಟಾಗ ಮಾತ್ರ ಲೈಟ್ ಜೋರಾಗೋ ಹಳೇ ಬೈಕ್‌ಗಳಲ್ಲಿ ಹೆಡ್‌ಲೈಟ್ ಬ್ಯಾಟರಿಯಿಂದ ಓಡಲ್ಲ. ಅಲ್ಲಿ ಮೊದಲು ಒಳ್ಳೆ ಎಲೆಕ್ಟ್ರಿಷಿಯನ್ ಹತ್ರ ಮಾತಾಡಿ.

ಹಂತ ಮೂರು, ಈಗ ಬಲ್ಬ್. ನಮ್ಮಲ್ಲಿ ಹೆಚ್ಚಾಗಿ ಕಾಣೋದು ಎರಡು: 35/35 ವ್ಯಾಟ್‌ನ ಎಚ್‌ಎಸ್1, ಮತ್ತು 60/55 ವ್ಯಾಟ್‌ನ ಎಚ್4. ನಿಮ್ಮ ಬೈಕ್‌ಗೆ ಹೇಳಿರೋ ವ್ಯಾಟ್‌ನಲ್ಲೇ ಒಳ್ಳೆ ಕಂಪನಿ ಬಲ್ಬ್ ಹಾಕಿ. "100/90 ಹಾಕಿ ಸಾರ್, ಹಗಲಾಗ್ಬಿಡತ್ತೆ" ಅಂತಾರೆ. 12 ವೋಲ್ಟ್‌ನಲ್ಲಿ 100 ವ್ಯಾಟ್ ಅಂದ್ರೆ 8 ಆಂಪಿಯರ್‌ಗಿಂತ ಹೆಚ್ಚು ಕರೆಂಟ್. 35 ವ್ಯಾಟ್‌ಗೆ ಮಾಡಿದ ವೈರಲ್ಲಿ ಹರಿಯೋದು 3 ಆಂಪಿಯರ್ ಅಷ್ಟೇ. ಕರಗೋದು ಹೋಲ್ಡರ್, ಖಾಲಿಯಾಗೋದು ಬ್ಯಾಟರಿ.

ಹಾಗಾದ್ರೆ ಎಲ್‌ಇಡಿ? ಕಂಪನಿಯಿಂದಲೇ ಎಲ್‌ಇಡಿಗಾಗಿ ಮಾಡಿದ ಪೂರ್ತಿ ಹೆಡ್‌ಲೈಟ್ ಯೂನಿಟ್ ಬೇರೆ ಮಾತು. ಹ್ಯಾಲೊಜೆನ್ ರಿಫ್ಲೆಕ್ಟರ್ ಒಳಗೆ ಬರೀ ಎಲ್‌ಇಡಿ ಬಲ್ಬ್ ತುರುಕೋದು ಬೇರೆ. ಎಚ್4 ಬಲ್ಬ್‌ನಲ್ಲಿ ಲೋ ಬೀಮ್ ತಂತಿಯ ಕೆಳಗೆ ಪುಟ್ಟ ಲೋಹದ ಬಟ್ಟಲಿರತ್ತೆ, ಬೆಳಕು ಮೇಲಕ್ಕೆ ಹೋಗದ ಹಾಗೆ ತಡೆಯೋದು ಅದೇ. ಇಡೀ ರಿಫ್ಲೆಕ್ಟರ್ ಆ ತಂತಿಯ ಜಾಗ ಲೆಕ್ಕ ಹಾಕಿಯೇ ಮಾಡಿರೋದು. ಎಲ್‌ಇಡಿ ಚಿಪ್ ಜಾಗ ಒಂಚೂರು ತಪ್ಪಿದ್ರೂ ಬೆಳಕು ರಸ್ತೆ ಬಿಟ್ಟು ಎದುರಿನವರ ಕಣ್ಣಿಗೆ ಹೋಗತ್ತೆ. ನಿಮಗೆ ಮುಂದಿನ ಹತ್ತು ಮೀಟರ್ ಫಳಫಳ, 40 ಮೀಟರ್ ಆಚೆ ಕತ್ತಲೆ. ಇನ್ನು 6000 ಕೆಲ್ವಿನ್ ಅಂತ ಬರೆದಿರೋದು ಬೆಳಕಿನ ಬಣ್ಣ, ಪ್ರಮಾಣ ಅಲ್ಲ.

ಕಣ್ಣು ಕುಕ್ಕೋ ದೀಪಕ್ಕೆ ಕೇಸ್ ಕೂಡ ಬೀಳತ್ತೆ, 2024ರಲ್ಲಿ ನಮ್ಮ ರಾಜ್ಯದ ಪೊಲೀಸರು ಇದಕ್ಕೇ ಕಾರ್ಯಾಚರಣೆ ಮಾಡಿದ್ರು. ಆದ್ರೆ ದಂಡಕ್ಕಿಂತ ದೊಡ್ಡ ಕಾರಣ ಇದೆ. ಎರಡು ಲೇನ್ ರಸ್ತೆಯಲ್ಲಿ ನೀವು ಕುರುಡು ಮಾಡಿದ ಡ್ರೈವರ್ ಬರ್ತಿರೋದು ನಿಮ್ಮ ಕಡೆಗೇ.

ಹಾಗಾಗಿ ದುಡ್ಡು ಈ ಕ್ರಮದಲ್ಲಿ ಹಾಕಿ: ಒರೆಸೋದು, ಬೀಮ್ ಸೆಟ್ಟಿಂಗ್, ವೈರಿಂಗ್, ಆಮೇಲೆ ಬಲ್ಬ್. ತುಂಬ ಜನಕ್ಕೆ ನಾಲ್ಕನೇದು ಬೇಕಾಗೋದೇ ಇಲ್ಲ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ, ಹುಷಾರಾಗಿ ಓಡಿಸಿ.